ಹತ್ತು ಹೆಜ್ಜೆ ದೂರದ ಬೈಗುಳ

ಸೆಪ್ಟೆಂಬರ್ 14, 2014, ಭಾನುವಾರ

ಮಿಲೊ ನದಿಯ ಎರಡೂ ದಂಡೆಗಳ ಸಮಸ್ತ ನಿವಾಸಿಗಳಿಗೆ, ಗಿನಿ ದೇಶದ ಘನ ಸರ್ಕಾರಕ್ಕೆ ಮತ್ತು ಕೇಳುವ ಕಿವಿಯುಳ್ಳ ಇತರ ದೇಶಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಗುರುವಾರ ಮಧ್ಯಾಹ್ನದ ನಮಾಜಿನ ಹೊತ್ತಿನಲ್ಲಿ ಮಸೀದಿಯ ಮೆಟ್ಟಿಲಿನಿಂದ ಕಾಣೆಯಾಗಿದ್ದ ಯೊರೊ ಸಂಗಾರೆಯ ಎಡಗಾಲಿನ ಚಪ್ಪಲಿ ಇಂದು ಬೆಳಿಗ್ಗೆ ಪತ್ತೆಯಾಗಿದೆ. ಚಪ್ಪಲಿ ಜೀವಂತವಾಗಿಲ್ಲ.

ಇದನ್ನು ರೇಡಿಯೋದಲ್ಲೇ ಓದಬೇಕೆಂದಿದ್ದೆ. ಇಪ್ಪತ್ತೆರಡು ವರ್ಷಗಳಿಂದ ನಮ್ಮೂರಿನ ರೇಡಿಯೋದಲ್ಲಿ ಪ್ರಕಟಣೆ ಓದುತ್ತಿರುವವನು ನಾನು. ಸತ್ತವರು, ಹುಟ್ಟಿದವರು, ಹಗ್ಗ ಕಿತ್ತುಕೊಂಡು ಹೋದ ಹಸುಗಳು, ಎಲ್ಲರೂ ನನ್ನ ಗಂಟಲಿನ ಮೂಲಕವೇ ಊರಿಗೆ ಗೊತ್ತಾಗಬೇಕು. ಆದರೆ ನಮ್ಮ ನಿರ್ದೇಶಕರು ಚಪ್ಪಲಿಯಲ್ಲಿ ಸಾರ್ವಜನಿಕ ಹಿತ ಏನೂ ಇಲ್ಲ ಎಂದುಬಿಟ್ಟರು. ಆದ್ದರಿಂದ ತಿರಸ್ಕೃತ ಪ್ರಕಟಣೆಗಳೆಲ್ಲ ಇಂದಿನಿಂದ ಈ ಪುಸ್ತಕಕ್ಕೆ.

ಚಪ್ಪಲಿ ಸಿಕ್ಕಿದ್ದು ಲಾಂಸಿನೆ ಕಾಂತೆಯ ಕುಲುಮೆಯಲ್ಲಿ. ಅದರ ಚರ್ಮ ಕತ್ತರಿಸಿ ತಿದಿಯ ಬಾಯಿಗೆ ಮುಚ್ಚಳ ಹೊಲಿದಿದ್ದ.

"ಕಳ್ಳ ನನ್ಮಗನೇ," ಎಂದೆ.

"ಕಳ್ಳತನ ಅಲ್ಲ ಕಣೋ, ಕಂದಾಯ," ಎಂದ, ತಿದಿ ಒತ್ತುವುದನ್ನು ನಿಲ್ಲಿಸದೆ. "ತೊತ್ತಿಗೆ ಎರಡು ಚಪ್ಪಲಿ ಯಾಕೆ? ಒಂದು ಸಾಕು. ಕುಂಟ್ಕೊಂಡ್ ಹೋಗು."

"ತೊತ್ತು ನೀನು! ನಿಮ್ಮಜ್ಜನ್ನ ನಮ್ಮಜ್ಜ ಒಂದು ಬಡಕಲು ಕರು ಕೊಟ್ಟು ತಂದಿದ್ದು."

"ಹಂಗಾದ್ರೆ ಕರು ವಾಪಸ್ ಹೊಡ್ಕೊಂಡ್ ಹೋಗು. ನಮ್ಮಜ್ಜನ್ನ ವಾಪಸ್ ಕೊಡು. ಅಲಸಂದೆ ತಿಂದೂ ತಿಂದೂ ಹೊಟ್ಟೆ ನೋಡು, ತಿದಿ ನಿನ್ನ ಚರ್ಮದಲ್ಲೇ ಮಾಡ್ಬೋದಿತ್ತು."

ಈ ವಿಷಯದಲ್ಲಿ ಕಾನೂನು ಬಹಳ ಸ್ಪಷ್ಟವಾಗಿದೆ. ಕಾಂತೆಗಳು ಕಮ್ಮಾರರು, ನಾವು ಸಂಗಾರೆಗಳು ದನ ಕಾಯುವ ಕುಲದವರು. ಎರಡು ಕುಲಗಳಿಗೂ ಎಂದಿನಿಂದಲೋ ಗೇಲಿನಂಟು. ಒಬ್ಬರನ್ನೊಬ್ಬರು ಕಂಡರೆ ತೊತ್ತು, ಅಲಸಂದೆ ತಿನ್ನೋನು ಎಂದು ಬೈಯಲೇಬೇಕು. ಬೈಸಿಕೊಂಡವರು ಕೋಪಿಸಿಕೊಳ್ಳುವಂತಿಲ್ಲ. ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಇಲ್ಲವೆನ್ನುವಂತಿಲ್ಲ. ಮತ್ತು ಒಬ್ಬರಿಗೊಬ್ಬರು ಕೇಡು ಮಾಡುವಂತಿಲ್ಲ. ಇದರ ಮೇಲೆ ನಾನೂ ಲಾಂಸಿನೆಯೂ ಒಂದೇ ವರ್ಷ ಸುನ್ನತಿಯಾದವರು, ಒಂದೇ ಗುಡಿಸಿಲಿನಲ್ಲಿ ಒಟ್ಟಿಗೆ ಅತ್ತವರು. ನಲವತ್ತು ವರ್ಷದಲ್ಲಿ ಅವನು ನನಗೆ ಒಂದೇ ಒಂದು ಒಳ್ಳೆಯ ಮಾತು ಆಡಿಲ್ಲ. ಇಂಥ ಸ್ನೇಹ ಯಾರಿಗೆ ಸಿಗುತ್ತದೆ?

ಬಲಗಾಲಿನ ಚಪ್ಪಲಿಯನ್ನೂ ಅವನಿಗೇ ಕೊಟ್ಟು ಬರಿಗಾಲಲ್ಲಿ ಬಂದೆ. ಹೆಂಡತಿ ಸಾರನ್ ನನ್ನ ಪಾದ ನೋಡಿ ಕಾಲಿಗೆ ನೀರು ತಂದಿಟ್ಟಳು. ಅದು ಕೆಟ್ಟ ಸೂಚನೆ.

ಸೆಪ್ಟೆಂಬರ್ 17, ಬುಧವಾರ

ನನ್ನಪ್ಪನ ತಂಗಿ ಕುಂಬಾ ಅತ್ತೆ ಹೋದಳು. ಮಗಳ ಬಾಣಂತನಕ್ಕೆಂದು ಕಾಡುಸೀಮೆಗೆ ಹೋಗಿದ್ದವಳು ಜ್ವರ ಹೊತ್ತು ಬಂದಳು, ಐದೇ ದಿನ. ಮಲೇರಿಯಾ ಎಂದರು. ಅತ್ತೆಗೆ ಎಪ್ಪತ್ತರ ಮೇಲಾಗಿತ್ತು, ನನ್ನ ಕಿವಿ ಹಿಂಡುವುದನ್ನು ಹೋದ ವರ್ಷದವರೆಗೂ ನಿಲ್ಲಿಸಿರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಎಂದಿನಂತೆ ಸರ್ಕಾರದ ಪ್ರಕಟಣೆ ಓದಿದೆ: ಎಬೋಲಾ ಇದೆ, ಜ್ವರದಿಂದ ಸತ್ತವರನ್ನು ಮುಟ್ಟಬೇಡಿ, ತೊಳೆಯಬೇಡಿ, ಆರೋಗ್ಯ ಕಾರ್ಯಕರ್ತರಿಗೆ ತಿಳಿಸಿ. ದಿನಕ್ಕೆ ಮೂರು ಸಲ ಓದುತ್ತೇನೆ. 'ಮುಟ್ಟಬೇಡಿ' ಎಂಬಲ್ಲಿ ದನಿಯನ್ನು ಬಾವಿಗಿಳಿಸಿ ಮೇಲೆತ್ತುವ ಒಂದು ವರಸೆ ಇದೆ, ಅದು ಬೇರೆ ಯಾರಿಗೂ ಬರುವುದಿಲ್ಲ. ಹತ್ತು ಗಂಟೆಗೆ ಮನೆಗೆ ಬಂದು ಅತ್ತೆಯನ್ನು ಎತ್ತಿಕೊಂಡೆ. ಪ್ರಕಟಣೆ ಇರುವುದು ಶವಗಳ ಬಗ್ಗೆ. ಕುಂಬಾ ಅತ್ತೆ ಶವವಲ್ಲ, ನಮ್ಮತ್ತೆ.

ಎಲ್ಲ ಕ್ರಮವಾಗಿ ನಡೆಯಿತು, ಒಂದರ ಹೊರತು. ಲಾಂಸಿನೆ ಅಂಗಳಕ್ಕೆ ಬರದೆ ಗೋಡೆಯಾಚೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ, ತೆರಿಗೆ ಅಧಿಕಾರಿಯ ಮನೆಗೆ ಬಂದವನ ಹಾಗೆ.

"ಏನೋ, ಬಾಗಿಲು ಕಾಣಿಸ್ತಿಲ್ವೇನೋ?" ಎಂದೆ.

"ನೀನೇ ಬೆಳಿಗ್ಗೆ ಓದಿದ್ಯಲ್ಲೋ, ಮುಟ್ಬೇಡಿ ಅಂತ."

"ಓದೋದು ನನ್ನ ಕೆಲಸ. ಕೇಳು ಅಂತ ನಿನಗೆ ಯಾರು ಹೇಳಿದ್ದು? ಕಾಂತೆಗಳ ಬೈಗುಳ ಇಲ್ದೆ ನಮ್ಮತ್ತೆ ಹೋಗ್ಬೇಕಾ? ಅಷ್ಟು ಕೀಳಾದ್ಲಾ ಅವಳು?"

ಇಷ್ಟು ಹೇಳಿದ ಮೇಲೆ ಕಮ್ಮಾರ ಗೋಡೆಯಾಚೆ ನಿಲ್ಲುತ್ತಾನೆಯೇ? ಬಂದ. ಬಂದವನೇ ಚಟ್ಟದ ಮೇಲೆ ಅತ್ತೆಯ ಪಕ್ಕದಲ್ಲಿ ಉದ್ದಕ್ಕೆ ಮಲಗಿ, ಹೊದಿಸಿದ ಬಟ್ಟೆಯ ಅರ್ಧ ತನ್ನ ಮೇಲೆಳೆದುಕೊಂಡ. "ಈ ಮುದುಕಿ ನನ್ನ ತೊತ್ತು. ನನ್ನ ಅಪ್ಪಣೆ ಇಲ್ದೆ ಎಲ್ಲಿಗ್ರೀ ಹೊರಟ್ಳು? ಎದ್ದೇಳೇ, ನನ್ನ ಬಟ್ಟೆ ಯಾರು ಒಗೀಬೇಕು?" ಎಂದು ಅವಳ ಎರಡೂ ಪಾದ ಹಿಡಿದು ಜಗ್ಗಿದ. ಅಳುತ್ತಿದ್ದವರೆಲ್ಲ ನಕ್ಕರು, ನಗುತ್ತಿದ್ದವರು ಅತ್ತರು. ಬಿಡುಗಡೆಯ ಕಾಣಿಕೆಯಾಗಿ ಹನ್ನೆರಡು ಕೋಲಾ ಕಾಯಿ ಕೊಟ್ಟ ಮೇಲೆಯೇ ಪಾದ ಬಿಟ್ಟದ್ದು. ಅತ್ತೆ ಕೇಳಿಸಿಕೊಂಡಿದ್ದರೆ ಎದ್ದು ಕಿವಿ ಹಿಂಡುತ್ತಿದ್ದಳು. ಬಹಳ ಒಳ್ಳೆಯ ಅಂತ್ಯಕ್ರಿಯೆ.

ಸೆಪ್ಟೆಂಬರ್ 22, ಸೋಮವಾರ

ಆರೋಗ್ಯ ಕಾರ್ಯಕರ್ತ ಮೋರಿಬಾ ಬಂದು ಅತ್ತೆಯನ್ನು ಮುಟ್ಟಿದವರ ಹೆಸರು ಬರೆದುಕೊಂಡ. ಕಾಡುಸೀಮೆಯಲ್ಲಿ ಅತ್ತೆಯ ಮಗಳು ತೀರಿಕೊಂಡಿದ್ದಾಳೆ, ರಕ್ತ ಪರೀಕ್ಷೆಯಲ್ಲಿ ಎಬೋಲಾ ಎಂದು ಬಂದಿದೆ. ಮೂವತ್ತೊಂದು ಹೆಸರು. ಇಪ್ಪತ್ತೊಂದು ದಿನ ದಿನವೂ ಬೆಳಿಗ್ಗೆ ಬಂದು ಹಣೆಗೆ ಪಿಸ್ತೂಲಿನಂಥದೊಂದು ಯಂತ್ರ ಹಿಡಿದು ಜ್ವರ ನೋಡುತ್ತಾನಂತೆ.

"ಅಣ್ಣಾ, ನಿಮ್ಮ ದನೀಲೇ ನಾವೆಲ್ಲ ಕೇಳಿದ್ದು, ಮುಟ್ಬೇಡಿ ಅಂತ," ಎಂದ ಮೋರಿಬಾ.

"ದನಿ ಚೆನ್ನಾಗಿತ್ತಾ?" ಎಂದೆ.

ಅವನು ನಗಲಿಲ್ಲ. ಹೊಸ ಹುಡುಗರಿಗೆ ಹಾಸ್ಯಪ್ರಜ್ಞೆ ಕಡಿಮೆ.

ಸೆಪ್ಟೆಂಬರ್ 24, ಬುಧವಾರ

ನಾನು ಸ್ಟುಡಿಯೋಗೆ ಬರಬಾರದು, ಮನೆಯಿಂದ ಫೋನಿನಲ್ಲೇ ಪ್ರಕಟಣೆ ಓದಬೇಕು ಎಂದು ನಿರ್ದೇಶಕರ ಆಜ್ಞೆ. ಓದಿದೆ. ಸಂಜೆ ಸಾರನ್ ಸಂತೆಯಿಂದ ಬಂದು ಹೇಳಿದಳು: ಕಡಲೆಕಾಯಿ ಮಾರುವ ಮುದುಕಿ ನನ್ನ ದನಿ ಬಂದ ಕೂಡಲೇ ರೇಡಿಯೋದ ಮೇಲೆ ಒದ್ದೆ ಬಟ್ಟೆ ಮುಚ್ಚಿದಳಂತೆ. ಗಾಳಿಯಲ್ಲಿ ಬರುವುದು ದನಿ ಮಾತ್ರ ಅಂತ ಯಾರಿಗೆ ಗೊತ್ತು ಎಂದಳಂತೆ.

ಲಾಂಸಿನೆಗೆ ಹೇಳಲು ಓಡಿದೆ. ನಗುತ್ತಾ ನಗುತ್ತಾ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಕೂತುಬಿಟ್ಟ. "ನಲವತ್ತು ವರ್ಷದಿಂದ ನಾನು ಹೇಳ್ತಿರೋದು ಅದೇ ಅಲ್ವೇನೋ, ನಿನ್ನ ಬಾಯೊಂದು ಕಾಯಿಲೆ ಅಂತ!"

ಸೆಪ್ಟೆಂಬರ್ 27, ಶನಿವಾರ

ಎರಡು ದಿನದಿಂದ ಕುಲುಮೆಯ ಸದ್ದಿಲ್ಲ. ಹೋಗಿ ನೋಡಿದೆ. ಬಾಗಿಲಲ್ಲಿ ಅವನ ಹೆಂಡತಿ ದೂಸು ಕೂತಿದ್ದಳು. ಒಳಗಿನಿಂದ ಲಾಂಸಿನೆ ಕೂಗಿದ: "ಒಳಗೆ ಬರ್ಬೇಡ್ವೋ, ನಿನ್ನ ಮುಖ ನೋಡಿದ್ರೆ ವಾಂತಿ ಬರುತ್ತೆ."

"ನಿಜವಾಗ್ಲೂ ವಾಂತಿ ಬರ್ತಿದೆ," ಎಂದಳು ದೂಸು ಮೆಲ್ಲಗೆ. "ಬೆಳಿಗ್ಗೆ ಮೋರಿಬಾ ಬಂದಾಗ ಹಿತ್ತಲಿಂದ ತೋಟಕ್ಕೆ ಹೋದ. ನಿನ್ನೇನೂ ಹಾಗೇ ಮಾಡಿದ."

ಜ್ವರ ಇದೆಯಾ ಎಂದು ಕೇಳಿದೆ. "ಕಮ್ಮಾರನಿಗೆ ಜ್ವರ ಇಲ್ದೆ ಚಳಿ ಇರುತ್ತೇನೋ ಮಂಕೇ!" ಎಂದು ಒಳಗಿನಿಂದಲೇ ಉತ್ತರ. ಬೈಗುಳ ಗಟ್ಟಿಯಾಗಿದೆ. ಏನೂ ಆಗಿಲ್ಲ. ಎಲ್ಲರಿಗೂ ಬರುವ ಮಲೇರಿಯಾ.

ಸೆಪ್ಟೆಂಬರ್ 28, ಭಾನುವಾರ

ಮಲೇರಿಯಾ. ಮಳೆಗಾಲ ಮುಗಿಯುವ ಹೊತ್ತಿಗೆ ನನಗೂ ಪ್ರತಿ ವರ್ಷ ಬರುತ್ತದೆ.

ಸೆಪ್ಟೆಂಬರ್ 30, ಮಂಗಳವಾರ

ಬೆಳಿಗ್ಗೆ ದೂಸು ನಮ್ಮ ಬೇಲಿಯಾಚೆ ನಿಂತು ಕರೆದಳು. ಹತ್ತಿರ ಬರಲಿಲ್ಲ. "ಶಿಬಿರದ ಗಾಡಿ ಬಂದಿದೆ. ನಾನೇ ಮೋರಿಬಾನ ಕರೆಸಿದೆ. ಲಾಂಸಿನೆ ಬಾಗಿಲಿಗೆ ಅಡಿಗಲ್ಲು ಒಡ್ಡಿಕೊಂಡು ಕೂತಿದ್ದಾನೆ. ಸುತ್ತಿಗೆ ಹಿಡ್ಕೊಂಡಿದ್ದಾನೆ. ನೀನು ಬಾ, ಯೊರೊ."

ಊರಾಚೆ ಹಳೆಯ ಹತ್ತಿ ಗೋದಾಮಿನ ಬಯಲಲ್ಲಿ ಶಿಬಿರ ಹಾಕಿದ್ದಾರೆ. ಬಿಳಿ ಡೇರೆಗಳು. ಅಲ್ಲಿಗೆ ಹೋದವರು ತಿರುಗಿ ಬರುವುದಿಲ್ಲ, ರಕ್ತ ಹೀರುತ್ತಾರೆ ಎಂದು ಜನ. ಇಬ್ಬರು ತಿರುಗಿ ಬಂದಿದ್ದಾರೆಂದು ನಾನೇ ರೇಡಿಯೋದಲ್ಲಿ ಓದಿದ್ದೆ. ಅದನ್ನು ಯಾರೂ ನಂಬಲಿಲ್ಲ. ನನ್ನ ದನಿಗೆ ಒದ್ದೆ ಬಟ್ಟೆ ಮುಚ್ಚಿದ ಮೇಲೆ ಯಾರು ನಂಬುತ್ತಾರೆ.

ಕುಲುಮೆಯ ಬಾಗಿಲು ಅರ್ಧ ತೆರೆದಿತ್ತು. ಲಾಂಸಿನೆಯ ಕಣ್ಣು ಕೆಂಡದಂತಿದ್ದವು. ಬಿಳಿ ದಿರಿಸಿನ ಇಬ್ಬರು, ಮೋರಿಬಾ, ಅರ್ಧ ಕೇರಿ, ಎಲ್ಲರೂ ದೂರದಲ್ಲಿ ನಿಂತಿದ್ದರು.

"ಹೋಗಲ್ಲ," ಎಂದ. "ಸತ್ರೆ ಇಲ್ಲೇ, ನನ್ನ ಬೆಂಕಿ ಹತ್ರ."

ನಾನು ಹತ್ತು ಹೆಜ್ಜೆ ದೂರದಲ್ಲಿ ನೆಲದ ಮೇಲೆ ಕೂತೆ. ಸ್ವಲ್ಪ ಹೊತ್ತು ಬೈದೆ. ಅವನೂ ಬೈದ. ಆಮೇಲೆ ಕೇಳಿದೆ.

"ಲಾಂಸಿನೆ, ನಾನು ನಿನ್ನಿಂದ ಒಂದು ವಸ್ತು ಕೇಳ್ತೀನಿ."

"ಕೇಳು ಭಿಕಾರಿ. ಏನು ಬೇಕು? ಸುತ್ತಿಗೆಯಾ?"

"ನೀನು ಬೇಕು. ನಿನ್ನನ್ನ ನನಗೆ ಕೊಡು. ಕೊಟ್ಟ ಮೇಲೆ ನೀನು ನನ್ನ ವಸ್ತು. ಎದ್ದು ಆ ಗಾಡಿ ಹತ್ತು."

ಅವನು ನನ್ನನ್ನೇ ನೋಡಿದ. ಗೇಲಿನಂಟ ಕೇಳಿದ್ದನ್ನು ಇಲ್ಲವೆಂದ ಕಾಂತೆಯನ್ನು ಈ ಊರು ಕಂಡಿಲ್ಲ.

"ಇದು ಮೋಸ ಕಣೋ," ಎಂದ ಕೊನೆಗೆ.

"ಮೋಸಾನೇ. ಹತ್ತು."

ಸುತ್ತಿಗೆ ಕೆಳಗಿಟ್ಟ. ಗೋಡೆ ಹಿಡಿದು ಎದ್ದ. ಗಾಡಿಯ ಮೆಟ್ಟಿಲಲ್ಲಿ ಕಾಲು ತಪ್ಪಿದಾಗ ನಾನು ಎದ್ದೆ. ಮೋರಿಬಾ ನನ್ನ ಎದೆಗೆ ಕೋಲು ಅಡ್ಡ ಹಿಡಿದ. ಒಳಗೆ ಕೂತು ಲಾಂಸಿನೆ ಕೂಗಿದ: "ಅಲಸಂದೆ ತಿನ್ನೋನೇ! ನಾನಿಲ್ದಾಗ ನನ್ನ ಕುಲುಮೇಲಿ ಏನಾದ್ರೂ ಮುಟ್ಟಿದ್ರೆ ಕೈ ಕತ್ತರಿಸ್ತೀನಿ!"

ಕೇರಿಯವರು ಚಪ್ಪಾಳೆ ತಟ್ಟಿದರು. ಭೇಷ್ ಸಂಗಾರೆ ಎಂದರು.

ಅಕ್ಟೋಬರ್ 1, ಬುಧವಾರ

ಊಟ ಸೇರಲಿಲ್ಲ. ಸಾರನ್ ಮಾಡಿದ ಫೊನಿಯೊ ಕಾಳಿನ ಅನ್ನ ಹಾಗೇ ಉಳಿಯಿತು.

ಅತ್ತೆ ಹೋದ ದಿನ ಅವನು ಗೋಡೆಯಾಚೆ ನಿಂತಿದ್ದ. ಟೋಪಿ ಕೈಯಲ್ಲಿತ್ತು. ನಾನು ಕರೆದೆ.

ಅಕ್ಟೋಬರ್ 3, ಶುಕ್ರವಾರ

ಲಾಂಸಿನೆಗೆ ಎಬೋಲಾ ಎಂದೇ ಬಂದಿದೆ.

ಶಿಬಿರಕ್ಕೆ ಹೋದೆ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬೇಲಿ ಎರಡು ಸಾಲು, ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ. ಆಚೆ ಬದಿಯಲ್ಲಿ ಅವನನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಹೆಗಲ ಮೂಳೆ ಅಂಗಿಯನ್ನು ಗೂಟದಂತೆ ಎತ್ತಿ ಹಿಡಿದಿತ್ತು. ಈಚೆಗೆ ನಾನೂ ದೂಸುವೂ.

"ಏನೋ ಜೀತದಾಳೇ, ಕೆಲಸ ತಪ್ಪಿಸ್ಕೊಂಡು ಇಲ್ಲಿ ಕುರ್ಚಿ ಮೇಲೆ ಕೂತಿದ್ದೀಯಾ?" ಎಂದೆ.

"ಹೌದು ಕಣೋ. ಇಲ್ಲಿ ದಿನಕ್ಕೆ ಮೂರು ಹೊತ್ತು ಊಟ. ಬಿಳಿ ಬಟ್ಟೆ ಹಾಕ್ಕೊಂಡ ಆಳುಗಳು. ನಿಮ್ಮ ವಂಶದಲ್ಲಿ ಯಾರಾದ್ರೂ ಇಂಥದ್ದು ನೋಡಿದ್ರಾ?"

"ನಿನ್ನ ಮುಖ ನೋಡಿದ್ರೆ ರೋಗಾನೇ ಹೆದರಿ ಓಡಿಹೋಗುತ್ತೆ."

"ನಿನ್ನ ಮುಖ ನೋಡಿ ಹತ್ರ ಬಂತು."

ವಿದೇಶಿ ಡಾಕ್ಟರೊಬ್ಬರು ಗಾಬರಿಯಾಗಿ ಬಂದು ರೋಗಿಯನ್ನು ಬೈಯುವ ಈ ಮನುಷ್ಯನನ್ನು ಹೊರಗೆ ಕಳಿಸಿ ಎಂದು ಕೈಸನ್ನೆ ಮಾಡಿದರು. ಸೋನಾ ಎಂಬ ನಮ್ಮೂರ ನರ್ಸು ಅವರಿಗೆ ಬಹಳ ಹೊತ್ತು ಏನೋ ವಿವರಿಸಿದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಸೋನಾ ನನ್ನ ಬಳಿ ಬಂದು, "ದಿನಕ್ಕೆರಡು ಸಲ ಬನ್ನಿ ಅಂತಾರೆ. ನೀವು ಬೈದ ಮೇಲೆ ಲಾಂಸಿನೆ ಅಣ್ಣ ಒಂದು ಲೋಟ ನೀರು ಕುಡಿದ್ರು," ಎಂದಳು.

ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಬೈಗುಳಗಳನ್ನು ಮನೆಯಲ್ಲಿ ಕೂತು ಬರೆದುಕೊಂಡೆ. ನಾಳೆಗೆ ಏಳು ಹೊಸವು ಸಿದ್ಧ.

ಅಕ್ಟೋಬರ್ 5, ಭಾನುವಾರ

ಕುರಿಹಬ್ಬದ ಮಾಂಸ ದೂಸು ಬೇಯಿಸಿ ಕೊಟ್ಟಳು. ಶಿಬಿರದವರು ಒಳಗೆ ಒಯ್ದರು. ಎರಡು ತುತ್ತು ತಿಂದ. ನಾನು ಕಣ್ಣಾರೆ ಕಂಡೆ. ಎರಡು!

"ಕುರಿ ನಿಂದಾ?" ಎಂದು ಕೇಳಿದ.

"ನಂದೇ."

"ಹಾಗನ್ಕೊಂಡೆ. ಹಸಿವಿಂದ ಸತ್ತಿದೆ ಪಾಪ."

ದೂಸು ನಕ್ಕಳು. ಅವಳು ನಕ್ಕದ್ದು ಕಂಡು ಅವನು ಇನ್ನಷ್ಟು ಬೈದ. ಗುಣವಾಗುತ್ತಿದ್ದಾನೆ. ದಾರಿಯಲ್ಲಿ ಸಿಕ್ಕ ಎಲ್ಲರಿಗೂ ಹೇಳಿದೆ, ಕತ್ತೆಯೊಂದಕ್ಕೂ ಹೇಳಿದೆ. ಫೋನಿನಲ್ಲಿ ಸಂಜೆಯ ಪ್ರಕಟಣೆ ಓದುವಾಗ ಕಳೆದುಹೋದ ಮೇಕೆಯ ಸುದ್ದಿಯನ್ನು ಮದುವೆಯ ಸುದ್ದಿಯಂತೆ ಓದಿದೆನೆಂದು ನಿರ್ದೇಶಕರು ಆಕ್ಷೇಪಿಸಿದರು.

ಅಕ್ಟೋಬರ್ 7, ಮಂಗಳವಾರ

ಇಂದು ಅವನು ಬಂದು ಕುರ್ಚಿಯಲ್ಲಿ ಕೂರಲು ಬಹಳ ಹೊತ್ತಾಯಿತು. ಸೋನಾ ಕುತ್ತಿಗೆ ಹಿಡಿದುಕೊಂಡಿದ್ದಳು. ನಾನು ಬರೆದು ತಂದದ್ದರಲ್ಲಿ ಅತ್ಯುತ್ತಮವಾದದ್ದನ್ನು ಎಸೆದೆ. ಅವನ ತಾತ, ಅವನ ಮೂಗು, ಅವನ ಕುಲುಮೆಯ ಕತ್ತಿ ಬೆಣ್ಣೆಯನ್ನೂ ಕತ್ತರಿಸದು ಎಂಬುದು, ಎಲ್ಲ ಸೇರಿಸಿ.

ಅವನು ಕೇಳಿದ. ಆಮೇಲೆ ಹೇಳಿದ:

"ಯೊರೊ, ಬಿಸಿಲಲ್ಲಿ ನಡ್ಕೊಂಡು ಬಂದ್ಯಾ? ನಿನಗೆ ತೊಂದ್ರೆ ಆಯ್ತು."

ನಾನು ಜೋರಾಗಿ ನಕ್ಕೆ. ಹೊಸ ವರಸೆ ಅಂದುಕೊಂಡೆ.

"ನಿನ್ನ ಚಪ್ಪಲಿ ಕತ್ತರಿಸಿದ್ದು ತಪ್ಪಾಯ್ತು," ಎಂದ. "ಒಳ್ಳೆ ಚಪ್ಪಲಿ. ನನ್ನ ಕ್ಷಮಿಸು. ಮನೇಲಿ ಎಲ್ಲ ಚೆನ್ನಾಗಿದ್ದಾರಾ? ಸಾರನ್ ಚೆನ್ನಾಗಿದ್ದಾಳಾ? ದೇವರು ನಿಮ್ಮೆಲ್ಲರನ್ನ ಚೆನ್ನಾಗಿಟ್ಟಿರ್ಲಿ."

"ಬೈಯೋ," ಎಂದೆ.

"ನೀನು ಒಳ್ಳೇವನು, ಯೊರೊ."

"ಬೈಯೋ ಲಾಂಸಿನೆ. ಒಂದೇ ಒಂದು. ತೊತ್ತು ಅನ್ನು. ಅಷ್ಟಾದ್ರೂ ಅನ್ನು."

ಅವನು ನಗಲು ನೋಡಿದ. ಸೋನಾ ಅವನನ್ನು ಒಳಗೆ ಕರೆದೊಯ್ದಳು. ಬೇಲಿಯ ಹತ್ತಿರ ನಿಂತಿದ್ದ ಡಾಕ್ಟರು ಹೆಬ್ಬೆರಳು ಎತ್ತಿ ತೋರಿಸಿದರು. ಇಂದು ರೋಗಿ ಬಹಳ ಸಮಾಧಾನದಿಂದ ಮಾತಾಡಿದ ಎಂದು ಅವರಿಗೆ ಸಂತೋಷವಾಗಿತ್ತು.

ಅಕ್ಟೋಬರ್ 8, ಬುಧವಾರ

ಕುರ್ಚಿ ಖಾಲಿ. ಮಲಗಿದ್ದಾನಂತೆ. ಡೇರೆಯ ಕಡೆಗೆ ಮುಖ ಮಾಡಿ ಕೂಗಿದೆ. ಗಂಟಲು ಕಟ್ಟುವವರೆಗೆ ಕೂಗಿದೆ.

ನನ್ನ ಇಪ್ಪತ್ತೊಂದು ದಿನ ಇಂದಿಗೆ ಮುಗಿಯಿತು. ಜ್ವರವಿಲ್ಲ. ಮೋರಿಬಾ ಕೈ ಮುಗಿದು, ಅಭಿನಂದನೆ ಅಣ್ಣಾ, ಎಂದ.

ಅಕ್ಟೋಬರ್ 9, ಗುರುವಾರ

ಬೆಳಿಗ್ಗೆ ಹತ್ತಕ್ಕೆ.

ಅಕ್ಟೋಬರ್ 10, ಶುಕ್ರವಾರ

ಶಿಬಿರದ ಹಿಂದಿನ ಗೇರುಮರಗಳ ಬಯಲಲ್ಲಿ ಹೂಳುತ್ತಾರೆ. ಹಗ್ಗ ಕಟ್ಟಿದ್ದರು. ನಾವು ಹಗ್ಗದ ಈಚೆ: ದೂಸು, ನಾನು, ಸಾರನ್, ಇಮಾಮರು, ಕುಲುಮೆಯ ಕೇರಿಯ ಹತ್ತಿಪ್ಪತ್ತು ಮಂದಿ. ಯಾರ ಹೆಗಲೂ ಯಾರಿಗೂ ತಾಗದಂತೆ ನಿಂತಿದ್ದೆವು. ಆಚೆ ಬಿಳಿ ದಿರಿಸಿನ ನಾಲ್ವರು ಬಿಳಿ ಚೀಲವೊಂದನ್ನು ಹೊತ್ತು ತಂದರು. ಚೀಲದ ಮೇಲೆ ಹೆಸರು ಬರೆದಿತ್ತು. ಅವನು ಅಷ್ಟು ಸಣ್ಣವನಿರಲಿಲ್ಲ.

ಇಮಾಮರ ಪ್ರಾರ್ಥನೆ ಮುಗಿಯಿತು. ಎಲ್ಲರೂ ನನ್ನ ಕಡೆ ನೋಡಿದರು. ನನಗೂ ಗೊತ್ತಿತ್ತು. ಕಾಂತೆಯನ್ನು ಮಣ್ಣಿಗೆ ಕೊಡುವಾಗ ಸಂಗಾರೆ ತಡೆಯಬೇಕು.

"ನಿಲ್ಸಿ!" ಎಂದು ಕೂಗಿದೆ.

ನಾಲ್ವರೂ ನಿಂತರು.

"ಯಾರನ್ನ ಕೇಳಿ ಹೂಳ್ತಿದ್ದೀರಿ? ಅದು ನನ್ನ ವಸ್ತು! ಹೋದ ಮಂಗಳವಾರದಾಚೆ ಮಂಗಳವಾರ ಇಡೀ ಕೇರಿ ಮುಂದೆ ತನ್ನನ್ನ ನನಗೆ ಕೊಟ್ಟಿದ್ದಾನೆ. ನನ್ನ ತೊತ್ತನ್ನ ನನ್ನ ಅಪ್ಪಣೆ ಇಲ್ದೆ ಮಣ್ಣಿಗೆ ಹಾಕೋಕೆ ನೀವ್ಯಾರ್ರೀ?"

ಮೂವರು ಒಬ್ಬರ ಕನ್ನಡಕವನ್ನೊಬ್ಬರು ನೋಡಿದರು. ನಾಲ್ಕನೆಯವನು ಚೀಲದ ತನ್ನ ಮೂಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿ, ಉಳಿದವರಿಗೂ ಇಳಿಸಲು ಹೇಳಿ, ನನ್ನ ಕಡೆ ತಿರುಗಿದ. ಮುಖವಾಡದೊಳಗಿನಿಂದ ನಮ್ಮದೇ ಮಾತು ಬಂತು.

"ಒಡೆಯಾ, ಬಿಡುಗಡೆಗೆ ಏನು ಕೊಡ್ಬೇಕು?"

ಯಾರ ಮಗನೋ. ಮುಖ ಕಾಣಿಸಲಿಲ್ಲ.

ನಾನು ಉತ್ತರ ಹೇಳಲು ಬಾಯಿ ತೆರೆದೆ. ಇಪ್ಪತ್ತೆರಡು ವರ್ಷ ಊರೆಲ್ಲ ಕೇಳಿದ ಗಂಟಲು. ಏನೂ ಬರಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಬಿಸಿಲಿತ್ತು, ಆ ದಿರಿಸಿನೊಳಗೆ ಅವರು ಬೇಯುತ್ತಿದ್ದಿರಬೇಕು. ಆದರೂ ಕದಲಲಿಲ್ಲ.

ದೂಸು ನನ್ನ ಕಡೆ ತಿರುಗಿದಳು. ಕಣ್ಣೀರು ಒರೆಸಿಕೊಳ್ಳಲಿಲ್ಲ.

"ಏನೋ ಅಲಸಂದೆ ತಿನ್ನೋನೇ," ಎಂದಳು ಗಟ್ಟಿಯಾಗಿ. "ಎಲ್ಲಿ ಹೋಯ್ತು ಆ ದೊಡ್ಡ ದನಿ? ನಮ್ಮನೆಯವರನ್ನ ಬೈದು ಕಳ್ಸೋ ಯೋಗ್ಯತೆನೂ ಇಲ್ವಾ ನಿನಗೆ? ಇದಕ್ಕಾ ನೀನು ರೇಡಿಯೋದವ್ನು? ತಗೋ!" ಸೆರಗಿನಿಂದ ಕೋಲಾ ಕಾಯಿ ಬಿಚ್ಚಿ ನನ್ನ ಕಾಲಬುಡಕ್ಕೆ ಒಂದೊಂದಾಗಿ ಎಸೆದಳು. ಹನ್ನೆರಡು. ಹಿಂದೆ ಯಾರೋ ನಕ್ಕರು. ಸಾರನ್ ನಕ್ಕಳು. ಆಮೇಲೆ ಎಲ್ಲರೂ ನಗುತ್ತಾ ಅಳುತ್ತಾ ಇದ್ದರು.

"ಮೈಗಳ್ಳ," ಎಂದೆ. ಅಷ್ಟೇ ಸಿಕ್ಕಿದ್ದು. "ಹೋಗು. ಬಿಟ್ಟಿದ್ದೀನಿ."

ನಾಲ್ಕನೆಯವನು ತಲೆಬಾಗಿ ಚೀಲದ ಮೂಲೆ ಎತ್ತಿಕೊಂಡ.

ಅಕ್ಟೋಬರ್ 14, ಮಂಗಳವಾರ

ದೂಸು ಇನ್ನೂ ದಿನ ಎಣಿಸಬೇಕು. ಬಾಗಿಲಲ್ಲಿ ನೀರು, ಅಕ್ಕಿ ಇಟ್ಟು ದೂರ ಸರಿದು ಕೂತೆ. ಅವಳು ಹೊಸ್ತಿಲಲ್ಲಿ ಕೂತಳು. ಹೇಳಲೇಬೇಕಿತ್ತು, ಹೇಳಿದೆ: ಅವತ್ತು ಅವನು ಒಳಗೆ ಬರಲು ಹೆದರಿ ಗೋಡೆಯಾಚೆ ನಿಂತಿದ್ದ, ಕರೆದವನು ನಾನು.

"ಗೊತ್ತು," ಎಂದಳು. "ಅವತ್ತೇ ಸಂಜೆ ಹೇಳಿದ್ದ."

"ಏನಂತ?"

"ಸಂಗಾರೆ ನನ್ನ ಚೆನ್ನಾಗಿ ಬೈದ ಅಂತ. ಖುಷಿಯಾಗಿದ್ದ." ನೀರನ್ನೂ ಅಕ್ಕಿಯನ್ನೂ ಹೊಸ್ತಿಲೊಳಗೆ ಎಳೆದುಕೊಂಡಳು. "ನಿನ್ನ ತಪ್ಪಿಲ್ಲ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡ, ಯೊರೊ. ಇವತ್ತು ಆ ಮಾತು ಬರಲ್ಲ. ನಾಳೆಗೆ ಉಪ್ಪು ತಗೊಂಡ್ ಬಾ, ಮುಗಿದಿದೆ."

ಉಪ್ಪು ಒಯ್ಯಬೇಕು. ಮರೆಯಬಾರದು.

ಅಕ್ಟೋಬರ್ 25, ಶನಿವಾರ

ಮುದುಕ ತ್ರಾವೊರೆ ತೀರಿಕೊಂಡ. ವಯಸ್ಸಾಗಿತ್ತು. ಆದರೂ ಈಗ ಯಾರು ಸತ್ತರೂ ಹಗ್ಗ ಕಟ್ಟಬೇಕೆಂದು ನಿಯಮ. ತ್ರಾವೊರೆಗಳ ಗೇಲಿನಂಟರು ಕೊಂಡೆ ಮನೆತನದವರು. ಐದಾರು ಮಂದಿ ಹಗ್ಗ ದಾಟಿ ಹೆಣದ ಪಕ್ಕ ಮಲಗಲು ಹೊರಟರು. ನಾನು ಹೋಗಿ ಅಡ್ಡ ನಿಂತೆ. ಕೊಂಡೆಗಳಿಗೂ ನನಗೂ ನಂಟಿಲ್ಲ, ಬೈಯುವ ಹಕ್ಕಿಲ್ಲ. ಆದ್ದರಿಂದ ಬೇಡಿಕೊಂಡೆ.

"ಮಲಗದೇ ಇದ್ರೆ ಮುದುಕನಿಗೆ ಅವಮಾನ ಅಲ್ವೇನಯ್ಯಾ?" ಎಂದ ಅವರ ಹಿರಿಯ.

"ಇಲ್ಲಿಂದ್ಲೇ ಬೈಯಿರಿ ಯಜಮಾನ್ರೇ. ಇಲ್ಲಿಂದ್ಲೂ ಕೇಳ್ಸುತ್ತೆ. ನಾನು ಬೈದಿದ್ದೀನಿ."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಹಗ್ಗದ ಈಚೆಯೇ ಸಾಲಾಗಿ ಮಣ್ಣಲ್ಲಿ ಮಲಗಿ ಮುದುಕನನ್ನು ಬಾಯಿಗೆ ಬಂದಂತೆ ಬೈದರು. ಬಹಳ ಚೆನ್ನಾಗಿ ಬೈದರು.

ಸಂಜೆಯ ಪ್ರಕಟಣೆಯಲ್ಲಿ 'ಮುಟ್ಟಬೇಡಿ' ಎಂಬುದಾದ ಮೇಲೆ, 'ಬೈಯುವವರು ಹತ್ತು ಹೆಜ್ಜೆ ದೂರದಿಂದ ಬೈಯಿರಿ, ಸತ್ತವರಿಗೆ ಕೇಳಿಸುತ್ತದೆ' ಎಂದು ಓದಿದೆ. ಇದು ಸರ್ಕಾರ ಬರೆದುಕೊಟ್ಟದ್ದಲ್ಲ ಎಂದರು ನಿರ್ದೇಶಕರು. ಓದಿಯಾಗಿತ್ತು. ಈಗ ದಿನಕ್ಕೆ ಮೂರು ಸಲ ಓದುತ್ತೇನೆ. ದನಿ ಏರಿಳಿಸುವುದಿಲ್ಲ, ಮರೆತೇಹೋಗುತ್ತದೆ. ಕಡಲೆಕಾಯಿಯ ಮುದುಕಿ ಬಟ್ಟೆ ತೆಗೆದಿದ್ದಾಳಂತೆ.

ನವೆಂಬರ್ 1, ಶನಿವಾರ

ದೂಸುವಿನ ದಿನಗಳು ಹೋದ ವಾರವೇ ಮುಗಿದವು. ಜ್ವರ ಬರಲಿಲ್ಲ. ಮೋರಿಬಾನ ಪಟ್ಟಿಯಲ್ಲಿ ಉಳಿದವರೂ ಕ್ಷೇಮ.

ಊರಿನವರೆಲ್ಲ ನನ್ನೊಡನೆ ಬಹಳ ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದಾರೆ. ದಾರಿ ಬಿಡುತ್ತಾರೆ. ನೆರಳಲ್ಲಿ ಜಾಗ ಕೊಡುತ್ತಾರೆ. ಇತರ ಕಾಂತೆಗಳೂ ಅಷ್ಟೆ. ನಿನ್ನೆ ಮಸೀದಿಯ ಹೊರಗೆ ಅವರಲ್ಲಿ ಹಿರಿಯರೊಬ್ಬರು ಎದೆಗೆ ಕೈಯಿಟ್ಟುಕೊಂಡು, ದೇವರು ನಿಮಗೆ ಸಮಾಧಾನ ಕೊಡಲಿ, ಎಂದರು. ಕಾಂತೆಯ ಬಾಯಿಂದ ಆ ಮಾತು! ಮನೆಗೆ ಬಂದು ಅಂಗಳದಲ್ಲಿ ಕೂತವನು ಊಟಕ್ಕೆ ಏಳಲಿಲ್ಲ. ಎಷ್ಟು ದಿನವಾಯಿತೆಂದು ಲೆಕ್ಕ ಹಾಕಿದೆ. ದೂಸು ಬೈದದ್ದೇ ಕೊನೆ.

ಈ ಪುಸ್ತಕ ಯಾರ ಕೈಗೆ ಸಿಕ್ಕುತ್ತದೋ ತಿಳಿಯದು. ಸಿಕ್ಕಿದವರಲ್ಲಿ ಒಂದು ಸಣ್ಣ ಉಪಕಾರ ಕೇಳುತ್ತೇನೆ. ನೀವು ಕಾಂತೆ ಕುಲದವರಾಗಿದ್ದರೆ, ಅಥವಾ ನಿಮಗೆ ಗೊತ್ತಿರುವ ಕಾಂತೆ ಯಾರಾದರೂ ಈ ಕಡೆ ಬರುವುದಿದ್ದರೆ, ನಮ್ಮ ಮನೆ ಮಸೀದಿಯಿಂದ ಮೂರನೆಯದು, ತಗಡಿನ ಬಾಗಿಲು. ಬೆಳಿಗ್ಗೆ ಏಳರವರೆಗೆ ಅಂಗಳದಲ್ಲೇ ಇರುತ್ತೇನೆ. ಒಳಗೆ ಬರುವುದು ಬೇಡ, ಕೈ ಕೊಡುವುದೂ ಬೇಡ. ರಸ್ತೆಯಿಂದಲೇ ಏನಾದರೊಂದು ಬೈದು ಹೋಗಿ. ಬಲಗಿವಿ ಮಂದವಾಗಿದೆ, ಸ್ವಲ್ಪ ಜೋರಾಗಿ ಕೂಗಬೇಕು. ಕೂಡಲೇ ಉತ್ತರ ಬರದಿದ್ದರೆ ಹೊರಟುಬಿಡಬೇಡಿ. ಒಂದು ಗಳಿಗೆ ನಿಲ್ಲಿ.